ಮೈನಸ್ ಮೇಷ್ಟ್ರು

ಅಪೂರ್ವಳ ಲೆಕ್ಕದ ಪ್ರಕಾರ ಆ ವಾಟ್ಸಾಪ್ ಗುಂಪಿನಲ್ಲಿ ಯಾರೂ ನಂಬದ ಮನುಷ್ಯ ಒಬ್ಬರೇ: ಕೆಸರೆಯ ಚೆಲುವರಾಜು ಮೇಷ್ಟ್ರು. ಲೆಕ್ಕ ಅಂದರೆ ಬೆರಳು ಮಡಿಚಿ ಹಾಕಿದ್ದಲ್ಲ ಮತ್ತೆ! ಜಾಲತಾಣಗಳಲ್ಲಿ ಜನ ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆಂದು ಅಳೆಯುವುದೇ ಅವಳ ಪಿಎಚ್‌ಡಿ. ಮೈಸೂರಿನ ಮೂಲೆಮೂಲೆಯವರು ಸೇರಿದ್ದ, ಮುಖ ಪರಿಚಯವೂ ಇಲ್ಲದವರ ಗುಂಪು ಅದು. ಪ್ಲಂಬರ್ ಬೇಕು, ಕರೆಂಟ್ ಹೋಯಿತು, ಬೆಕ್ಕು ಸಿಕ್ಕಿದೆ ಎಂಬ ಅವರ ಮಾತನ್ನೆಲ್ಲ ಒಪ್ಪಿಗೆ ಪಡೆದು ಕಂಪ್ಯೂಟರಿಗೆ ಉಣಿಸಿದ್ದಳು. ಹೆಬ್ಬೆರಳು, ಹೂವಿನ ಇಮೋಜಿ ಕೊಟ್ಟು ತೆಗೆದುಕೊಂಡವರ ಅಂಕ ಏರುತ್ತದೆ. ತಕರಾರು ಮಾಡಿದವರದು ಇಳಿಯುತ್ತದೆ. ದಿನಾ ಬೆಳಗ್ಗೆ ಸುಭಾಷಿತ ಹಾಕುವ ವಾಗೀಶರು ಎಲ್ಲರಿಗಿಂತ ಮೇಲೆ ಕೂತರು. ಮೇಷ್ಟ್ರು ಮೈನಸ್ಸಿಗೆ ಜಾರಿದರು.

ಜಾರದೆ ಇನ್ನೇನು? ನಿವೃತ್ತ ಡ್ರಿಲ್ ಮೇಷ್ಟ್ರು; ಗುಂಪನ್ನೂ ಶಾಲೆಯ ಮೈದಾನ ಅಂದುಕೊಂಡಿದ್ದರು. ಯಾರು ಏನು ಹಾಕಿದರೂ, "ಯಾರು ಹೇಳಿದ್ದು? ನೀವು ಕಣ್ಣಾರೆ ಕಂಡ್ರಾ?" ಕಷಾಯಕ್ಕೆ ಸಕ್ಕರೆ ಕಾಯಿಲೆ ಮಾಯ ಎಂದು ವಾಗೀಶರು ಹಾಕಿದರೆ, "ಮೊದ್ಲು ನೀವು ಮಾತ್ರೆ ಬುಟ್ಬುಟ್ಟು ತೋರ್ಸಿ ಸ್ವಾಮಿ." ಹೋದ ವಾರ ಕಾಣೆಯಾದ ಮಗುವಿನ ಫೋಟೋ ಒಂದು ಬಂದಾಗ, ಅದು ಯಾವ ಕಾಲದ್ದೋ ಎಂದು ಪತ್ತೆಹಚ್ಚಿ, ಹಂಚಿದವರಿಗೆಲ್ಲ ಸರಿಯಾಗಿ ಮಂಗಳಾರತಿ ಎತ್ತಿದ್ದರು. ಅಪೂರ್ವಳಿಗೂ ಅದರಲ್ಲಿ ಪಾಲು ಸಿಕ್ಕಿತ್ತು.

ಗುರುವಾರ ಬೆಳಗ್ಗೆ ಸರಸ್ವತಿಪುರಂನ ಮನೆಯಲ್ಲಿ ಅವಳ ತಾತ ಕಾಣಲಿಲ್ಲ. ಅಶ್ವತ್ಥ ತಾತನಿಗೆ ಮರೆವಿನ ಕಾಯಿಲೆ, ತನ್ನ ಹೆಸರೇ ಒಮ್ಮೊಮ್ಮೆ ಬಾಯಿಗೆ ಬಾರದು. ಗೇಟು ತೆರೆದಿತ್ತು, ಚಪ್ಪಲಿ ಅಲ್ಲೇ ಇತ್ತು. ಅಮ್ಮ ಶಾರದ ಅಳುತ್ತಲೇ ಬೀದಿಗೆ ಓಡಿದರು. ಅಪೂರ್ವ ಕೈಗೆ ಸಿಕ್ಕಿದ ಫೋಟೋ ಹಾಕಿ ಗುಂಪಿಗೆ ಬರೆದಳು: "ಕಾಣೆಯಾಗಿದ್ದಾರೆ. ದಯವಿಟ್ಟು ಎಲ್ಲ ಗುಂಪುಗಳಿಗೂ ಹಂಚಿ." ಥೇಟ್ ಹೋದ ವಾರದ ಸುಳ್ಳು ಮೆಸೇಜಿನ ಧಾಟಿಯೇ!

ಕೈಮುಗಿದ ಇಮೋಜಿಗಳು ಸಾಲಾಗಿ ಬಂದವು. ವಾಗೀಶರು ಹೂವನ್ನೂ ಇಟ್ಟರು. ಕೂತಲ್ಲಿಂದ ಒಬ್ಬರಾದರೂ ಎದ್ದಂತೆ ಕಾಣಲಿಲ್ಲ.

ಆಗ ಫೋನು ಬಂತು. "ಚೆಲುವರಾಜು ಅಂತ, ಕೆಸರೆಯಿಂದ. ಇದು ನಿಜಾನಾ?"

"ನಮ್ಮ ತಾತ ಕಣ್ರೀ! ಸುಳ್ಳು ಹೇಳ್ತೀನಾ?" ಅಪೂರ್ವ ಕಿರುಚಿದಳು.

"ಅಳ್ಬೇಡ ಕಣಮ್ಮ. ಫೋಟೋದಲ್ಲಿ ಮೈಸೂರು ಪೇಟ ಇಟ್ಕೊಂಡವ್ರಲ್ಲ, ಅಂಗೇ ಮನೆ ಬುಟ್ಟು ಓದ್ರಾ?"

ಅವಳು ತಾನು ಹಾಕಿದ ಫೋಟೋ ಮತ್ತೆ ತೆರೆದು ನೋಡಿದಳು. ಅದು ಯಾರದೋ ಮದುವೆಯಲ್ಲಿ ತಾತನನ್ನು ತೆಗೆದದ್ದು. "ಇಲ್ಲ ಸರ್. ಹಸಿರು ಸ್ವೆಟರ್. ಬರಿಗಾಲು."

ಫೋನಿಟ್ಟ ಬೆನ್ನಿಗೇ ಗುಂಪಿನಲ್ಲಿ ಮೇಷ್ಟ್ರ ಮೆಸೇಜು: "ಇದು ನಿಜ. ನಾನೇ ಮಾತಾಡಿ ಕೇಳಿದ್ದೀನಿ. ಪೇಟ ಇಲ್ಲ, ಹಸಿರು ಸ್ವೆಟರ್, ಬರಿಗಾಲು. ಎಲ್ಲರೂ ಎದ್ದು ನಿಮ್ಮ ಬೀದಿ ನೋಡಿ."

ಅಬ್ಬಾ, ಗುಂಪಿಗೆ ಕಾಲು ಬಂತು! ಒಬ್ಬರು ಸ್ಕೂಟರ್ ತೆಗೆದರು, ಇನ್ನೊಬ್ಬರು ಆಟೋ ಸ್ಟ್ಯಾಂಡಿಗೆ ಹೋದರು. ಯಾರೂ ಕೈಮುಗಿಯುತ್ತ ಕೂರಲಿಲ್ಲ. ಊಟದ ಹೊತ್ತಿಗೆ ರಾಜೀವನಗರದಿಂದ ಶಾಲಿನಿ ಎಂಬಾಕೆ ಕರೆ ಮಾಡಿದಳು. ತಾತ ಅಲ್ಲಿಯ ಬಸ್ ಸ್ಟಾಪಿನಲ್ಲಿ ಕೂತು ಅವಳು ಕೊಟ್ಟ ಬನ್ನು ತಿನ್ನುತ್ತಿದ್ದರು.

"ನಿಮ್ಮ ಮೆಸೇಜ್ ಆಗ್ಲೇ ನೋಡಿದ್ದೆ," ಶಾಲಿನಿ ಸಂಕೋಚದಿಂದ ಹೇಳಿದಳು. "ಹಳೇ ಫಾರ್ವರ್ಡ್ ಇರ್ಬೇಕು ಅಂತ ಸುಮ್ನಾಗ್ಬುಟ್ಟೆ. ಮೇಷ್ಟ್ರು ನಿಜ ಅಂದ್ಮೇಲೆ ಚಪ್ಪಲಿ ಮೆಟ್ಕೊಂಡು ಓಡ್ಬಂದೆ."

ಅಪೂರ್ವ ಫೋನನ್ನೇ ಕಣ್ಣಿಗೊತ್ತಿಕೊಂಡಳು. ಕಂಡದ್ದನ್ನೆಲ್ಲ ಪ್ರಶ್ನಿಸುವವರು ಹೌದು ಅಂದರೆ ಅದಕ್ಕೆ ಎಂಥ ತೂಕ! ಅವರ ಜಗಳವನ್ನೆಲ್ಲ ತಾನು ಅಪನಂಬಿಕೆ ಎಂದು ಕಳೆಯುತ್ತಾ ಬಂದಿದ್ದಳಲ್ಲ. ಪ್ರಬಂಧದ ಅರ್ಧ ಮತ್ತೆ ಬರೆಯಬೇಕು; ಬರೆದರಾಯಿತು, ತಾತ ಸಿಕ್ಕಿದರಲ್ಲ. ಕಂಡಿರದ ಆ ಸಿಡುಕು ಮನುಷ್ಯನಿಗೆ ಅವಳು ಮನಸ್ಸಿನಲ್ಲೇ ಅಡ್ಡಬಿದ್ದಳು.

ಸಂಜೆ ಗುಂಪಿಗೆ ಬರೆದಳು: "ತಾತ ಮನೆಗೆ ಬಂದರು. ಎಲ್ಲರಿಗೂ, ಮುಖ್ಯವಾಗಿ ಚೆಲುವರಾಜು ಸರ್ ಅವರಿಗೆ, ನಾವು ಜನ್ಮವಿಡೀ ಋಣಿಗಳು."

ಹೂವುಗಳ ಮಳೆಯ ನಡುವೆ ಮೇಷ್ಟ್ರ ಉತ್ತರ ಬಂತು: "ಬಂದ್ರಾ? ಫೋಟೋ ಹಾಕಮ್ಮ."

ಅಮ್ಮನೂ ಮಗಳೂ ನಗುತ್ತಾ ಅಳುತ್ತಾ, ಉಪ್ಪಿಟ್ಟು ತಿನ್ನುತ್ತಿದ್ದ ತಾತನ ಫೋಟೋ ತೆಗೆದು ಹಾಕಿದರು. ಹಸಿರು ಸ್ವೆಟರ್ ಇನ್ನೂ ಮೈಮೇಲೇ ಇತ್ತು.

"ಸರಿ," ಎಂದು ಬರೆದರು ಮೇಷ್ಟ್ರು. "ಈಗ ನಂಬಿದೆ."