ಎರಡನೇ ಮಣ್ಣು

"ಕಲ್ಲಿಗೆ ಹಾರೆ ಆಕ್ಬೇಡ್ರಪ್ಪೋ!" ಎಂದು ಕೂಗುತ್ತಾ ಸಿದ್ದರಾಮು ಗದ್ದೆಯ ಬದುವಿನ ಮೇಲೆ ಓಡಿಬಂದ. ನಿವೃತ್ತನಾಗಿ ಮೂರು ವರ್ಷವಾಗಿದ್ದ ಪೊಲೀಸ್ ದಫೇದಾರ. ಓಡಿದರೆ ಹೊಟ್ಟೆ ಮೊದಲು ಬರುತ್ತಿತ್ತು, ಮನುಷ್ಯ ಆಮೇಲೆ. ತೆಂಗಿನ ಮರದ ಬುಡದಲ್ಲಿ ಗುಂಡಿ ತೋಡಿ ಮುಗಿಸಿದ್ದವರು ಪಕ್ಕದ ಹಳೆಯ ಸಮಾಧಿಯ ಕಲ್ಲು ಕೀಳಲು ಹೊರಟಿದ್ದರು. ಕಲ್ಲಿನ ಮೇಲೆ ‘ಕರಿಸಿದ್ದಯ್ಯ’ ಎಂದು ಕೆತ್ತಿತ್ತು. ಬೆಳಿಗ್ಗೆ ತೀರಿಕೊಂಡು ಈಗ ಮನೆಯ ಜಗಲಿಯ ಮೇಲೆ ಮಲಗಿದ್ದವನೂ ಅದೇ ಕರಿಸಿದ್ದಯ್ಯ.

"ಅಲ್ಲ ದಫೇದಾರ್ರೇ, ಎಸ್ರು ಇವನ್ದು, ಕಲ್ಲೂ ಇವನ್ದು. ಈಗ್ಲಾದ್ರೂ ಇವನ ತಲೆ ತಾವ್ಕೆ ಬರ್ಲಿ ಬುಡಿ," ಎಂದ ಊರ ಹಿರಿಯ ಕೆಂಪಯ್ಯ. "ಆ ಗುಡ್ಡೆ ಒಳಗಿರೋನು ಯಾರೋ, ಏನೋ."

ಆ ‘ಯಾರೋ’ ಎಂಬ ಮಾತು ಸಿದ್ದರಾಮುವಿಗೆ ಚುಚ್ಚಿತು. ಆ ಯಾರೋನನ್ನು ತಂದು ಇಲ್ಲಿ ಮಣ್ಣು ಮಾಡಿಸಿದವನೇ ಅವನು. ಹೆಸರು ಪತ್ತೆ ಮಾಡಿಕೊಡುತ್ತೇನೆಂದು ಕರಿಸಿದ್ದಯ್ಯನಿಗೆ ಮಾತು ಕೊಟ್ಟು ಎಂಟು ವರ್ಷವಾಗಿತ್ತು. ಮಾತು ಉಳಿಸಿಕೊಂಡಿರಲಿಲ್ಲ. ಈಗ ಕಲ್ಲೂ ಹೋದರೆ ಎರಡು ಮಳೆಗಾಲದಲ್ಲಿ ಗುಡ್ಡೆ ಗದ್ದೆಗೆ ಸೇರಿ, ಅಂಥವನೊಬ್ಬ ಇದ್ದನೆಂಬ ಗುರುತೇ ಉಳಿಯುವುದಿಲ್ಲ.

"ಅಕ್ಕನ್ನ ಒಂದ್ಮಾತು ಕೇಳ್ಬುಡಾನ, ತಡೀರಿ," ಎಂದ. ಕರಿಸಿದ್ದಯ್ಯನ ಹೆಂಡತಿಯನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ.

* * *

ಎಂಟು ವರ್ಷದ ಹಿಂದೆ ಮಳವಳ್ಳಿಯಲ್ಲಿ ನೆಂಟರ ನಿಶ್ಚಿತಾರ್ಥ ಮುಗಿಸಿ ಬರುತ್ತಿದ್ದ ಕಾರು ಭಾರತೀನಗರದ ಹತ್ತಿರ ಉರುಳಿ ನಾಲೆಗೆ ಬಿತ್ತು. ಮೂವರು ಈಜಿ ದಡ ಸೇರಿದರು. ಕರಿಸಿದ್ದಯ್ಯ ಮಾತ್ರ ಕಾಣಲಿಲ್ಲ. ನಾಪತ್ತೆ ದೂರು ಬರೆದುಕೊಂಡ ಸಿದ್ದರಾಮು ನೀರು ನಿಲ್ಲಿಸಿ ನಾಲೆಯನ್ನು ಮಾರು ಮಾರಿಗೂ ಜಾಲಾಡಿದ. ಆರನೆಯ ದಿನ ಕೆಳಗಿನ ತೂಬಿನಲ್ಲಿ ಒಂದು ಹೆಣ ಸಿಕ್ಕಿತು. ಮುಖದ ಗುರುತು ಸಿಗುವಂತಿರಲಿಲ್ಲ. ಸೊಂಟದಲ್ಲಿ ಕೆಂಪು ಚೌಕಳಿಯ ಟವೆಲ್ಲಿತ್ತು.

ಕರಿಸಿದ್ದಯ್ಯನ ಹೆಂಡತಿ ಮೀನಾಕ್ಷಮ್ಮ ಮುಖ ನೋಡಲಿಲ್ಲ, ಪಾದ ನೋಡಿದಳು. "ಇವ್ರಲ್ಲ ಕಣಣ್ಣ. ನಮ್ಮೋರ ಎಡಗಾಲ ಎಬ್ಬೆಟ್ಟು ಕುಡ್ಗೋಲು ತಾಗಿ ಸೀಳೋಗಿತ್ತು."

"ನೀರಲ್ಲಿ ಊದ್ಕೊಂಡದೆ ಕಣಕ್ಕ, ಗೊತ್ತಾಗಕಿಲ್ಲ. ಟವಲ್ಲು ಅವ್ರದೇ ತಾನೆ? ಸೈನ್ ಆಕಿ."

ಅಂಥ ಟವೆಲ್ಲು ಸಂತೆಯಲ್ಲಿ ಕೊಂಡವರು ಸುತ್ತ ಹತ್ತೂರಲ್ಲಿದ್ದರು. ಆದರೆ ಸಿದ್ದರಾಮುವಿಗೆ ಕೇಸು ಮುಗಿಯಬೇಕಿತ್ತು, ಅಣ್ಣತಮ್ಮಂದಿರೂ ಹೌದು ಹೌದು ಎಂದರು. ಅವಳು ಸಹಿ ಹಾಕಿದಳು.

ಹೆಣವನ್ನು ಗದ್ದೆಯಲ್ಲಿ ಮಣ್ಣು ಮಾಡಿ ಕರಿಸಿದ್ದಯ್ಯನ ಹೆಸರಿನ ಕಲ್ಲು ನೆಟ್ಟರು. ಮಣ್ಣು ಮಾಡಿದ ಹನ್ನೊಂದನೆಯ ದಿನ ತಿಥಿ. ಫೋಟೋದ ಮುಂದೆ ಎಡೆ ಇಟ್ಟು ಎಲ್ಲರೂ ಕೈಮುಗಿದು ನಿಂತಿದ್ದಾಗ ತಲೆಗೆ ಬ್ಯಾಂಡೇಜು ಸುತ್ತಿಕೊಂಡ ಕರಿಸಿದ್ದಯ್ಯ ಆಟೋದಿಂದ ಇಳಿದ. ಕಾರು ನೀರಿಗೆ ಬೀಳುವ ಮೊದಲೇ ಬಾಗಿಲು ಕಿತ್ತುಹೋಗಿ ರಸ್ತೆಗೆ ಬಿದ್ದಿದ್ದವನನ್ನು ಲಾರಿಯವನೊಬ್ಬ ಎತ್ತಿಕೊಂಡು ಹೋಗಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದ. ಎರಡು ವಾರ ತನ್ನ ಹೆಸರೂ ಹೇಳಲಾಗದೆ ಮಲಗಿದ್ದನಂತೆ. ನಾಲೆಯನ್ನೆಲ್ಲ ಸೋಸಿದ ಸಿದ್ದರಾಮು ಆಸ್ಪತ್ರೆಗಳಿಗೆ ಒಂದು ಫೋನು ಮಾಡಿರಲಿಲ್ಲ.

ಹೆಂಗಸರು ಚೀರಿಕೊಂಡರು. ಕರಿಸಿದ್ದಯ್ಯ ತನ್ನ ಫೋಟೋದ ಹಾರ ನೋಡಿದ, ಎಡೆ ನೋಡಿದ. ಕುಳಿತು ಮುದ್ದೆ ಮುರಿದು ಬಾಯಿಗಿಟ್ಟ. "ಸಾರ್ಗೆ ಉಪ್ಪೇ ಬಿದ್ದಿಲ್ವಲ್ಲಮ್ಮಿ," ಎಂದ.

ಸಮಾಧಿ ತೆಗೆಸಿ ಮೂಳೆಯನ್ನು ಪರೀಕ್ಷೆಗೆ ಕಳಿಸಿದರು. ನಾಪತ್ತೆಯಾದ ಯಾರ ಮನೆಯವರ ಜೊತೆಗೂ ತಾಳೆಯಾಗಲಿಲ್ಲ. ಬೇರೆ ಕಡೆ ಹೂಳಿಸುತ್ತೇನೆಂದು ಸಿದ್ದರಾಮು ತಲೆ ತಗ್ಗಿಸಿ ನಿಂತಿದ್ದಾಗ ಕರಿಸಿದ್ದಯ್ಯ ನಕ್ಕ. "ಮನೆ ತಾವ್ಕೆ ಬಂದ ನೆಂಟನ್ನ ಎಲ್ಗೆ ಕಳಿಸ್ತೀರಿ? ಇಲ್ಲೇ ಇರ್ಲಿ ಬುಡಿ. ನೀವು ಕರ್ಕಂಡು ಬಂದೋನು, ವರ್ಸ ವರ್ಸ ನೀವೇ ಬಂದು ಎಡೆ ಇಡಿ."

ಬೈಗುಳ ತಿನ್ನಲು ಬಂದವನಿಗೆ ಊಟದ ಕರೆ ಸಿಕ್ಕಿತ್ತು. ಅಲ್ಲಿಂದ ಒಂದು ವರ್ಷವೂ ಸಿದ್ದರಾಮು ತಪ್ಪಿಸಲಿಲ್ಲ. ಇಬ್ಬರೂ ಗುಡ್ಡೆಯ ಮುಂದೆ ಎಡೆಯಿಟ್ಟು, ಆಮೇಲೆ ಜಗಲಿಯಲ್ಲಿ ಕುಳಿತು ಹೊಟ್ಟೆ ಬಿರಿಯುವಷ್ಟು ಉಣ್ಣುತ್ತಿದ್ದರು. ಒಡಹುಟ್ಟಿದವರ ಮೇಲೂ ಸಿದ್ದರಾಮುವಿಗೆ ಅಷ್ಟು ಪ್ರೀತಿ ಇರಲಿಲ್ಲ. ಮೀನಾಕ್ಷಮ್ಮ ಬಡಿಸುತ್ತಿದ್ದಳು, ಮೊಮ್ಮಕ್ಕಳ ಸುದ್ದಿ ಕೇಳುತ್ತಿದ್ದಳು. ಆ ಪಾದದ ಮಾತನ್ನು ಮಾತ್ರ ಅವಳು ಎತ್ತಲಿಲ್ಲ. ತಪ್ಪಾಯ್ತು ಎಂದು ಅವಳಿಗೆ ಹೇಳಲು ಅವನಿಗೂ ಬಾಯಿ ಬರಲಿಲ್ಲ.

* * *

ಚಟ್ಟ ಗದ್ದೆಗೆ ಬಂತು. ಮಗ ಹೇಮಂತ್ ಮುಂದೆ, ಮೀನಾಕ್ಷಮ್ಮ ಹಿಂದೆ. ಕಲ್ಲಿನ ಹತ್ತಿರ ಇಟ್ಟಿದ್ದ ಹಾರೆ ಕಂಡು ಅವಳು ನಿಂತಳು.

"ಅಕ್ಕ, ಕಲ್ಲು ಕೀಳ್ತೀವಿ ಅಂತಾವ್ರೆ," ಎಂದ ಸಿದ್ದರಾಮು.

"ಯಾರೂ ಮುಟ್ಟಂಗಿಲ್ಲ." ಮಾತು ಎಲ್ಲರಿಗೂ ಕೇಳಿಸಿತು. "ಅವ್ರೇ ಯೋಳವ್ರೆ. ‘ನಂಗೆ ಮಕ್ಳವ್ರೆ, ಊರದೆ, ನಂಗ್ಯಾಕೆ ಕಲ್ಲು? ಆ ಗುಡ್ಡೆಯೋನ್ಗೆ ಇರೋದು ಅದೊಂದೇ ಎಸ್ರು, ಎರವಲು ಕೊಟ್ಟಿವ್ನಿ, ಅವನ ಮನೆಯೋರು ಬರೋಗಂಟ ಇಟ್ಕಳ್ಳಿ’ ಅಂದವ್ರೆ."

ಕೆಂಪಯ್ಯ ಹಾರೆ ಎತ್ತಿ ದೂರ ಇಟ್ಟ.

ಚಟ್ಟ ಇಳಿಸುವ ಹೊತ್ತಿಗೆ ಅವಳು ಕಾಲ ಮೇಲಿನ ಬಟ್ಟೆ ಸರಿಸಿದಳು. "ದಫೇದಾರಣ್ಣ, ಬನ್ನಿ ಇಲ್ಲಿ. ಈ ಸಲ ನೀವು ನೋಡಿ ಯೋಳಿ. ಇವ್ರೇನಾ?"

ಸಿದ್ದರಾಮು ಮಂಡಿಯೂರಿದ. ಎಡಗಾಲಿನ ಹೆಬ್ಬೆಟ್ಟು ಸೀಳಿತ್ತು. ಸೀಳಿನಲ್ಲಿ ಅರಿಸಿನ ಕೂತಿತ್ತು. ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅವನು ಮಗುವಿನ ಹಾಗೆ ಅತ್ತುಬಿಟ್ಟ.

"ಇವ್ರೇ ಕಣಕ್ಕ. ಅವತ್ತು ನೀವು ಯೋಳಿದ್ದೇ ದಿಟ. ನಂದು ತಪ್ಪಾಯ್ತು."

"ಊಂ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಗಂಡನ ಮೈಮೇಲಿದ್ದ ಚೆಂಡುಹೂವಿನ ಹಾರ ತೆಗೆದು, ಹಲ್ಲಿನಿಂದ ದಾರ ಕಡಿದು ಎರಡು ಮಾಡಿದಳು. ಒಂದನ್ನು ಗಂಡನ ಪಾದದ ಮೇಲಿಟ್ಟಳು, ಇನ್ನೊಂದನ್ನು ಸಿದ್ದರಾಮುವಿನ ಕೈಗೆ ಕೊಟ್ಟಳು.

ಅವನು ಎದ್ದು ಹೋಗಿ, ಕಲ್ಲಿನ ಮೇಲಿನ ಮಣ್ಣನ್ನು ಅಂಗೈಯಿಂದ ಒರೆಸಿ, ಕರಿಸಿದ್ದಯ್ಯನ ಹೆಸರಿನ ಕೆಳಗೆ ಆ ಅರ್ಧ ಹಾರ ಇಟ್ಟ.