ಎಷ್ಟು ಊಸಿ

"ಏಳುಡಾ, ನಾಯಿ. ಲಾರಿ ಬಂದು ನಿಂತದೆ, ಇವ್ನು ನೆಳಲಲ್ಲಿ ಕೆಮ್ಕೊಂಡು ಬಿದ್ದವ್ನೆ."

ತೋಟದ ಒಡೆಯ, ಮೊದಲಾಳಿ ಪಾಂಡಿಯರಾಜನ್ ಚಪ್ಪಲಿಗಾಲಿನಿಂದ ಮಾಯಾಂಡಿಯ ಪಕ್ಕೆಗೆ ತಿವಿದ. ಮಾಯಾಂಡಿ ಏಳಲಿಲ್ಲ. ದ್ರಾಕ್ಷಿ ಕೊಯ್ಯುತ್ತಿದ್ದ ಹೆಂಡತಿ ಮೂಕಮ್ಮಾಳ್ ಓಡಿಬಂದು ಮುಟ್ಟಿದಳು. ಮೈ ಕೆಂಡವಾಗಿತ್ತು, ಎದೆ ಗೊರಗೊರ ಅನ್ನುತ್ತಿತ್ತು.

ತಮಿಳುನಾಡಿನ ಕಾಮಯಗೌಂಡನ್‌ಪಟ್ಟಿಯ ಆ ತೋಟದಲ್ಲಿ ಜ್ವರಕ್ಕೆ ರಜೆಯಿಲ್ಲ. ಯಾರು ಕೆಮ್ಮಿದರೂ ಮೊದಲಾಳಿ ಮೆಡಿಕಲ್ ಶಾಪಿನವನನ್ನು ಕರೆಸಿ ಒಂದು ಇಂಜೆಕ್ಷನ್ನಿನ ಊಸಿ ಚುಚ್ಚಿಸುತ್ತಿದ್ದ. ಚುಚ್ಚಿಸಿಕೊಂಡವರು ಮತ್ತೆ ಕೊಯ್ಲಿಗೆ ಇಳಿಯಬೇಕು. ಮಾಯಾಂಡಿಗೆ ಈ ಸಲ ಊಸಿಯ ಮೇಲೆ ಊಸಿ ಬಿದ್ದರೂ ಜ್ವರ ಇಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಭಿರಾಮಿ ನ್ಯುಮೋನಿಯಾ ಅಂದಳು. ಹೋದ ಮೂರು ತಿಂಗಳಲ್ಲಿ ಇವರಿಗೆ ಊಸಿ, ಮಾತ್ರೆ ಏನಾದರೂ ಕೊಟ್ಟಿದ್ದಾರಾ ಎಂದು ತಮಿಳಿನಲ್ಲಿ ಕೇಳಿದಳು. ಕೊಟ್ಟಿದ್ದರೆ ಈ ರೋಗ ಸಾದಾ ಮದ್ದಿಗೆ ಬಗ್ಗದಿರಬಹುದು, ಮೊದಲೇ ಬೇರೆ ಮದ್ದು ಹಾಕಬೇಕು ಅಂದಳು.

ಮೂಕಮ್ಮಾಳ್ ಬಾಯಿ ತೆರೆದಳು. ಜೊತೆಗೇ ಬಂದು ಪಕ್ಕದಲ್ಲಿ ನಿಂತಿದ್ದ ಪಾಂಡಿಯರಾಜನ್, ಡಾಕ್ಟರಮ್ಮನಿಗೆ ತಿಳಿಯದ ತಮ್ಮ ಮನೆಮಾತು ಕನ್ನಡದಲ್ಲಿ, ನಗುನಗುತ್ತಲೇ ಹೇಳಿದ: "ಒಂದ್ ಮಾತಾಡು, ಗುಡ್ಸಲ್ಗೆ ಬೀಗ ಹಾಕ್ತೀನಿ. ಬೀದೀಲಿ ಬೀಳ್ತೀಯ, ಮುಂಡೆ."

ಆಮೇಲೆ ತಮಿಳಿಗೆ ತಿರುಗಿ, ಏನೂ ಕೊಟ್ಟಿಲ್ಲಮ್ಮಾ, ಎತ್ತಿನ ಹಾಗಿದ್ದ ಆಳು, ಅಂದ.

ಸಾದಾ ಮದ್ದೇ ಹನಿಹನಿಯಾಗಿ ನರಕ್ಕೆ ಇಳಿಯಿತು. ಮಾರನೆಯ ಬೆಳಿಗ್ಗೆ ಗಂಡನ ತುಟಿ ನೀಲಿಗಟ್ಟಿದ್ದನ್ನು ಕಂಡ ಮೂಕಮ್ಮಾಳ್ ವಾರ್ಡಿನ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ತಮಿಳಿನಲ್ಲಿ ಎಲ್ಲವನ್ನೂ ಹೇಳಿದಳು. ಅಭಿರಾಮಿ ಓಡಾಡಿ ಮದ್ದು ಬದಲಿಸಿದಳು. ನಿನ್ನೆಯೇ ಹೇಳಿದ್ದರೆ, ಎಂದು ಶುರುಮಾಡಿದವಳು ಮಾಯಾಂಡಿಯ ನಾಡಿ ಹಿಡಿಯಲು ಬಾಗಿದಳು. ಸಂಜೆಗೆ ಮಾಯಾಂಡಿಯ ಉಸಿರು ನಿಂತಿತು.

ತೋಟದೊಳಗಿನ ಗುಡಿಸಲಿಗೆ ಬೀಗ ಬಿತ್ತು. ಜೊತೆಯಲ್ಲಿ ಕೊಯ್ಲಿಗೆ ಬರುತ್ತಿದ್ದ ವಳ್ಳಿ ತನ್ನ ಜಗಲಿಯಲ್ಲಿ ಮಲಗಲು ಜಾಗ ಕೊಟ್ಟಳು. ತೋಟ ಬಿಟ್ಟರೆ ಬೇರೆ ಕೂಲಿಯಿರಲಿಲ್ಲ, ಮೂಕಮ್ಮಾಳ್ ಅಲ್ಲಿಗೇ ಮರಳಿದಳು. ಕೊಯ್ಲಿಗೆ ಆಳು ಸಾಲದ ಹೊತ್ತು, ಮೊದಲಾಳಿಯೂ ತಡೆಯಲಿಲ್ಲ. ದ್ರಾಕ್ಷಿಚಪ್ಪರದ ಕೆಳಗಿನಿಂದ ಗಂಡ ಕೆಮ್ಮುವುದು ಮೂಕಮ್ಮಾಳಿಗೆ ಹಾಡಹಗಲಲ್ಲೇ ಕೇಳುತ್ತಿತ್ತು. ಬುಟ್ಟಿ ಇಳಿಸಿ ಓಡುವಳು. ಬಳ್ಳಿಯ ನೆರಳು ಬಿಟ್ಟರೆ ಅಲ್ಲೇನೂ ಇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಓಡಿಹೋದಾಗ ಅಲ್ಲಿ ವಳ್ಳಿ ಕೆಮ್ಮುತ್ತಾ ಕುಕ್ಕರಿಸಿದ್ದಳು. ಮೆಡಿಕಲ್ ಶಾಪಿನವನು ಅವಳ ರಟ್ಟೆ ಹಿಡಿದು ಸೂಜಿ ಎತ್ತಿದ್ದ. ಪಾಂಡಿಯರಾಜನ್ ಬೇಗ ಬೇಗ ಅನ್ನುತ್ತಿದ್ದ.

ಮೂಕಮ್ಮಾಳ್ ಸೂಜಿ ಕಿತ್ತುಕೊಂಡು ಕಾಲುವೆಗೆ ಎಸೆದಳು.

"ಇನ್ನೊಬ್ರ ರಟ್ಟೆ ಮುಟ್ನೋಡು. ಕೊಯ್ಯೋ ಕತ್ರಿ ನನ್ ಕೈಲೂ ಅದೆ."

ಹಿಂದಿನಿಂದ ಬೈಗುಳ ಬರುತ್ತಿದ್ದಂತೆಯೇ ವಳ್ಳಿಯ ಸೊಂಟ ಬಳಸಿ ಬಸ್ಸಿನ ರಸ್ತೆಗೆ ನಡೆಸಿದಳು.

"ಡಾಕ್ಟ್ರಮ್ಮ ಕೇಳ್ತಾಳೆ, ನಿಜ ಹೇಳು. ಇದ್ಕೆ ಮುಂಚೆ ನಿಂಗೆ ಎಷ್ಟ್ ಊಸಿ ಹಾಕವ್ರೆ?"

"ಇರಕ್ಕಾ" ಎಂದು ವಳ್ಳಿ ಬೆರಳು ಮಡಚತೊಡಗಿದಳು. ಒಂದು ಕೈ ಮುಗಿಯಿತು. ಇನ್ನೊಂದನ್ನು ಎತ್ತಿಕೊಂಡಳು.