ಸಿದ್ದಲಿಂಗವ್ವನ ಬಂಡಿದಾರಿ

ಅಮೋಘಸಿದ್ದ ವಕೀಲಿ ಬಿಟ್ಟು ಮಿಲಿಟರಿ ಸೇರಿದಾಗ ಇಡೀ ಸವಡಿ ಊರೊಳಗ ಅತ್ತಾಕಿ ಒಬ್ಬಾಕೇನ, ಸಿದ್ದಲಿಂಗವ್ವ. ಹೆತ್ತ ತಾಯಿ ಮಾಯವ್ವ ಸೈತ ಅಳಲಿಲ್ಲ. ಮಗಾ ರೋಣದ ಕೋರ್ಟಿನ ಕಟ್ಟಿ ಮ್ಯಾಲೆ ಕುಂತು ಚಹಾ ಕುಡಿಯೋದಕ್ಕಿಂತ ಗುಡ್ಡಾ ಏರೋದು ಚಲೋ ಅಂತ ಆಕಿ ಓಣಿಗೆಲ್ಲಾ ಸಕ್ರಿ ಹಂಚಿದ್ಲು. ಸಿದ್ದಲಿಂಗವ್ವ ಮಾತ್ರ ಸೆರಗಲೇ ಕಣ್ಣ ಒರಸಿಕೊಂಡು, ದೇಶಾ ಕಾಯಾಕ ಬೇಕಾದಷ್ಟ ಮಂದಿ ಅದಾರ, ನನ್ನ ಬಂಡಿದಾರಿ ಬಿಡಸಾಂವ ಇವನೊಬ್ಬನ ಇದ್ದ ಅಂದ್ಲು.

ಆಕಿ ದಾರಿ ಕತಿ ಸಣ್ಣದು, ಕೋರ್ಟಿಗೆ ಹೋಗಿ ದೊಡ್ಡದಾಗಿತ್ತು ಅಷ್ಟ. ಅಣ್ಣತಮ್ಮರು ಪಾಲಾದಾಗ ಮುಂದಿನ ಹೊಲ ಮೈದುನ ಪ್ರಭುಲಿಂಗಪ್ಪಗ ಹೋತು, ಹಿಂದಿನ ಹೊಲ ಈಕಿ ಗಂಡಗ ಬಂತು. ಬಂಡಿ ಹೋಗೋದು ಮೈದುನನ ಬದುವಿನ ಗುಂಟ. ಗಂಡ ಇರೋತನಕ ಎಲ್ಲಾ ಸುರಳೀತ ನಡೀತು. ಅವ ಶಿವನ ಪಾದ ಸೇರಿದ ವರ್ಷನ ಪ್ರಭುಲಿಂಗಪ್ಪ ದಾರಿಗೆ ಅಡ್ಡ ಜಾಲಿಮುಳ್ಳಿನ ಬೇಲಿ ಬಡದ. ಅವತ್ತಿನಿಂದ ಸಿದ್ದಲಿಂಗವ್ವ ಹಳ್ಳಾ ಸುತ್ತಿ, ಎರಿ ರಾಡಿ ತುಳಕೊಂಡು ಹೊಲ ಮುಟ್ಟಬೇಕು. ಕಡ್ಲಿ, ಜ್ವಾಳ ಎಲ್ಲಾ ತಲಿ ಮ್ಯಾಲೇ ಮನಿಗೆ ಬರಬೇಕು. ಅಂಗಳದಾಗಿನ ಬಂಡಿ ಕೋಳಿ ಕುಂಡ್ರಾಕ ಉಳೀತು.

ಕೇಸು ಹಿಡದಾಂವ ಅಮೋಘಸಿದ್ದ. ಮನಸ್ಸು ಬಂಗಾರ, ಆದ್ರ ಖರೇ ಹೇಳಬೇಕಂದ್ರ ಅವಗ ವಾದ ಮಾಡಾಕ ಬರತಿರಲಿಲ್ಲ, ತಾರೀಖ ತಗೊಳ್ಳಾಕ ಭಾಳ ಚಲೋ ಬರತಿತ್ತು. ಎದುರಿನ ವಕೀಲರು ಕೆಮ್ಮಿದ್ರ ಸಾಕು, ಅವರಿಗೆ ಆರಾಮಿಲ್ರಿ ಅಂತ ಇವನ ಎದ್ದು ನಿಂತು ಮುಂದಿನ ತಾರೀಖ ಕೇಳಾಂವ. ಒಂದಿನ ವಕೀಲರ ಖೋಲಿಯೊಳಗ ಯಾರೋ ಚ್ಯಾಷ್ಟಿ ಮಾಡಿದ್ರು: ಇವನ್ನ ಯುದ್ಧಕ್ಕ ಕಳಿಸಿದ್ರ ವೈರಿ ಹತ್ರಾನೂ ತಾರೀಖ ಕೇಳ್ತಾನ ಅಂತ. ಆ ಮಾತು ಎದಿಗೆ ನಟ್ಟೇ ಬಿಡ್ತು. ಉದ್ಯೋಗದಾಗಿದ್ದವರನ್ನೂ ತಗೊಳ್ಳೋ ಟೆರಿಟೋರಿಯಲ್ ಆರ್ಮಿಗೆ ಅರ್ಜಿ ಹಾಕಿದ, ಓಡಿದ, ಜಿಗದ, ಪಾಸಾದ. ಕರಿ ಕೋಟು ಗೂಟಕ್ಕ ಸಿಗಿಹಾಕಿ ಹೊಂಟೇ ಹೋದ. ಕೇಸು ಇನ್ನೊಬ್ಬ ವಕೀಲರ ಕಪಾಟ ಸೇರಿ ಸುಖವಾಗಿ ಮಲಗಿತು.

ಸೂಟಿಗೆ ಬಂದಾಗೊಮ್ಮೆ ಊರ ಮಂದಿ ಅವನ್ನ ಕಟ್ಟಿ ಮ್ಯಾಲೆ ಕುಂಡ್ರಿಸಿ, ಎಷ್ಟ ವೈರಿಗೋಳ್ನ ಹೊಡದೆಪಾ ಅಂತ ಕೇಳೋರು. ಪಾಪ, ಅವಗ ಸುಳ್ಳ ಹೇಳಾಕ ಬರಲಿಲ್ಲ. ಗುಡ್ಡದ ಮ್ಯಾಲಿನ ಠಾಣೆಗೆ ಹಿಟ್ಟು, ಬ್ಯಾಳಿ, ಬಟಾಟಿ ಮುಟ್ಟಿಸೋದು ನನ್ನ ಕೆಲಸ, ಹಿಮಾ ಬಿದ್ದು ದಾರಿ ಮುಚ್ಚಿದ್ರ ಕಡದು ತಗೀತೀವಿ ಅಂತಿದ್ದ. ಮಂದಿಗೆ ಭಾಳ ಬ್ಯಾಸರಾತು. ಹಿಂದಿನಿಂದ 'ಬಟಾಟಿ ಸಿಪಾಯಿ' ಅಂತ ಹೆಸರಿಟ್ರು. ಸಿದ್ದಲಿಂಗವ್ವ ಒಬ್ಬಾಕಿ ನಗಲಿಲ್ಲ. ಅಲ್ಲಿ ದಾರಿ ಬಿಡಸಾಕ ಬರತೈತಿ, ಇಲ್ಲಿ ಬರೂದಿಲ್ಲೇನು ಅಂತ ಕೇಳಿದ್ಲು. ಮುಂದಿನ ಸೂಟಿಗೆ ನೋಡೂಣು ಬೇ ಅಂದ ಅವ. ಹಳೇ ಚಾಳಿ, ಲಗೂ ಎಲ್ಲಿ ಬಿಡತೈತಿ.

ಅವಧಿ ಮುಗಿಸಿ ಊರಿಗೆ ಬಂದಾಗ ರೋಣದಿಂದ ಸವಡಿ ತನಕ ತೆರದ ಜೀಪಿನ್ಯಾಗ ಮೆರವಣಿಗಿ ಆತು. ಒಮ್ಮೆ ಹಾರದ ರುಚಿ ಹತ್ತಿದ ಕೊಳ್ಳು ಬರೇ ಇರೂದಿಲ್ಲ ನೋಡ್ರಿ. ನರಗುಂದಕ್ಕ ಹೋದ, ಗಜೇಂದ್ರಗಡಕ್ಕ ಹೋದ, ಲೀಡರಗೋಳ ಭಾಷಣ ಕೇಳಿ ಕೈ ಎತ್ತೋದು, ದನಿ ಇಳಸೋದು ಕಲತು ಬಂದ. ತಾಲೂಕ ಪಂಚಾಯ್ತಿ ಎಲೆಕ್ಷನ್ನಿಗೆ ನಿಂತೂ ಬಿಟ್ಟ. ಆದ್ರ ಸವಡಿಯೊಳಗ ದೊಡ್ಡ ಓಣಿ ವೋಟೆಲ್ಲಾ ಇರೋದು ಪ್ರಭುಲಿಂಗಪ್ಪನ ಕೈಯಾಗ. ಅವ ಬೆನ್ನಿಗಿಲ್ಲದ ಗೆಲ್ಲೋ ಮಾತ ಇರಲಿಲ್ಲ. ಹಿಂಗಾಗಿ ಸಿದ್ದಲಿಂಗವ್ವನ ಮನಿಗೆ ಕೈಮುಗಕೊಂತ ಬಂದಾಗ ಅವನ ಬಲಗಡಿ ನಿಂತಾಂವ ಯಾರು? ಬೇಲಿ ಬಡದ ಮಹಾಶಯನ.

ಸಿದ್ದಲಿಂಗವ್ವಗ ಇಷ್ಟು ವರ್ಷ ನಂಬಿದ ಮನಷ್ಯಾ ಆ ಕಡಿ ಹೋಗಿ ನಿಂತಾನಲ್ಲಾ ಅಂತ ಸಿಟ್ಟೂ ಬಂತು, ದುಃಖಾನೂ ಬಂತು. ಆದ್ರೂ ಮನಿಗೆ ಬಂದವರಿಗೆ ಚಹಾ ಕೊಟ್ಲು. ಆಮ್ಯಾಲೆ ಮೆಲ್ಲಕ ಅಂದ್ಲು:

"ತಮ್ಮಾ, ವೋಟಿನ ಮಾತು ಆಮ್ಯಾಲೆ. ಎಳ್ಳಮಾಸಿ ದಿನ ನಮ್ಮ ಹೊಲಕ್ಕ ಊಟಕ್ಕ ಬಾ. ನಿನ್ನ ಮಂದಿನ್ನೆಲ್ಲಾ ಕರಕೊಂಡು ಬಾ. ಪ್ರಭುಲಿಂಗಪ್ಪ, ನೀನೂ ಬಾರಪಾ."

ಎಳ್ಳಮಾಸಿ ದಿನ ಹೊಲಕ್ಕ ಕರದ್ರ ಒಲ್ಲೆ ಅನ್ನಂಗಿಲ್ಲ. ಭೂಮಿತಾಯಿಗೆ ಚರಗ ಚೆಲ್ಲಿ, ಅಂದ್ರ ಮಾಡಿದ ಅಡಗಿ ಹೊಲದ ತುಂಬ ಚೆಲ್ಲಿ, ಆಮ್ಯಾಲೆ ಎಲ್ಲಾರೂ ಕುಂತು ಉಣ್ಣೋ ದಿನ ಅದು. ವೋಟ ಕೇಳಾಕ ಬಂದಾಂವ ಅಂತೂ ಒಲ್ಲೆ ಅಂದ್ರ ಮುಗದ ಹೋತು. ಇಬ್ಬರೂ ಹೂಂ ಅಂದ್ರು.

ಎಳ್ಳಮಾಸಿ ಬಂತು. ಸಿದ್ದಲಿಂಗವ್ವ ನಸುಕಿನ್ಯಾಗ ಎದ್ದು ಸಜ್ಜಿ ಕಡಬು, ಎಳ್ಳ ಹಚ್ಚಿದ ರೊಟ್ಟಿ, ಎಣಗಾಯಿ ಪಲ್ಯ, ಪುಂಡಿಪಲ್ಯ ಮಾಡಿ, ಓಣಿ ಹೆಣ್ಣಮಕ್ಕಳ ತಲಿಮ್ಯಾಲೆ ಬುಟ್ಟಿ ಹೊರಿಸಿ, ಹಳ್ಳಾ ಸುತ್ತಿ ಹೊಲ ಮುಟ್ಟಿದ್ಲು. ಬನ್ನಿಗಿಡದ ಕೆಳಗ ಐದು ಕಲ್ಲಿಟ್ಟು ಪೂಜಿ ಮಾಡಿ, ಚರಗದ ಬುಟ್ಟಿ ತೊಡಿಮ್ಯಾಲೆ ಇಟಗೊಂಡು ಕುಂತ್ಲು. ಕರದವರು ಬರೋತನಕ ಚೆಲ್ಲಂಗಿಲ್ಲ, ಚೆಲ್ಲೋತನಕ ಯಾರೂ ಉಣ್ಣಂಗಿಲ್ಲ.

ಹೊತ್ತೇರಿದ ಮ್ಯಾಲೆ ಜೀಪು ಬಂತು, ಹಿಂದ ಅದ ಊರಿನ ಲಾಡಸಾಬನ ಟ್ರ್ಯಾಕ್ಟರ ತುಂಬ ಮಂದಿ. ಬಂದು ಬೇಲಿ ಮುಂದ ಗಪ್ಪನ ನಿಂತ್ವು. ಆ ಕಡಿಂದ ಎಣಗಾಯಿ ವಾಸನಿ ಬರಾಕ ಹತ್ತಿತ್ತು. ಪ್ರಭುಲಿಂಗಪ್ಪ ಲಗೂನ ಇಳದು, ಹಳ್ಳದ ಕಡಿಂದ ಹೋಗೂಣ್ರಿ, ಆ ದಾರಿ ಭಾಳ ಚಲೋ ಐತಿ ಅಂದ. ಹಸದ ಮಂದಿ ಹಳ್ಳದ ರಾಡಿ ನೋಡಿದ್ರು, ತಮ್ಮ ಬಿಳಿ ಧೋತರ ನೋಡಿಕೊಂಡ್ರು. ಒಬ್ಬರೂ ಕಾಲ ಕೀಳಲಿಲ್ಲ.

ಸಿದ್ದಲಿಂಗವ್ವ ಬುಟ್ಟಿ ಹಿಡಕೊಂಡು ಅಮೋಘಸಿದ್ದನ ಮುಖಾ ನೋಡಿದ್ಲು. ಇವತ್ತ ಇವ ಹಳ್ಳಾ ಸುತ್ತಿ ಬಂದ್ರ ತನ್ನ ದಾರಿ ಜನ್ಮಕ್ಕೂ ಮುಚ್ಚಿದಂಗ ಅಂತ ಆಕಿಗೆ ಗೊತ್ತಿತ್ತು.

ಅವ ಮೊದಲು ವಕೀಲರಂಗ ಗಂಟಲ ಸರಿಮಾಡಿಕೊಂಡ. ಕೋರ್ಟಿನ್ಯಾಗಿರೋ ದಾರಿ, ಮುಟ್ಟಿದ್ರ ತಪ್ಪಾಗತೈತಿ ಅಂತ ಹೇಳಾಂವ ಇದ್ದ ಅಂತ ಕಾಣಸ್ತೈತಿ. ಆಮ್ಯಾಲೆ ಲೀಡರಂಗ ಎರಡೂ ಕಡಿ ನೋಡಿ ನಕ್ಕ. ಕಡೀಕ ನಗೂ ನಿಂತಿತು. ಅನ್ನ ಆ ಕಡಿ, ಮಂದಿ ಈ ಕಡಿ, ನಡುವ ದಾರಿ ಬಂದ್. ಇಂಥಾದ್ದು ಅವಗ ಗೊತ್ತಿದ್ದ ಕೆಲಸ. ಅಂಗಿ ತೋಳ ಮಡಚಿ, ಲಾಡಸಾಬನ ಹತ್ರ ಕೊಡ್ಲಿ ಇಸಕೊಂಡ.

ಪ್ರಭುಲಿಂಗಪ್ಪ ಅವನ ಕಿವಿ ಹತ್ರ ಬಂದ. "ವಕೀಲ್ರ, ಈ ಜಾಲಿ ಕಡದ್ರ ನಮ್ಮ ಓಣಿ ವೋಟ ಕಡಕೊಂಡಂಗ, ನೆನಪಿರಲಿ."

"ಗೊತ್ತೈತ್ರಿ ಸಾವ್ಕಾರ್ರ. ಬೇಕಾದ್ರ ನನ್ನ ಮ್ಯಾಲೆ ಕೇಸ ಹಾಕ್ರಿ, ತಾರೀಖಿಗೆ ನಾನ ಬರತೀನಿ. ಈಗ ಒಂಚೂರ ಸರೀರಿ."

ಮುಳ್ಳಿಗೆ ಅಂಗಿ ಹರೀತು, ಮುಂಗೈ ತರಚಿತು. ಮಂದಿನೂ ಕೈ ಹಚ್ಚಿದ್ರು. ಬೇಲಿ ಬಾಜೂಕ ಬಿತ್ತು, ಲಾಡಸಾಬನ ಟ್ರ್ಯಾಕ್ಟರ ಹೊಲದಾಗ ಬಂತು. ಸಿದ್ದಲಿಂಗವ್ವ ಎದ್ದು ಹುಲ್ಲುಲಿಗ್ಯೋ ಅಂತ ಚರಗದ ಕೂಗು ಹಾಕಿ ಚರಗ ಚೆಲ್ಲಿದ್ಲು ನೋಡ್ರಿ, ಅಷ್ಟ ದೊಡ್ಡ ದನಿ ಆಕಿ ಗಂಟಲಾಗ ಐತಿ ಅಂತ ಯಾರಿಗೂ ಗೊತ್ತಿರಲಿಲ್ಲ. ಪ್ರಭುಲಿಂಗಪ್ಪ ಮುಖಾ ಗಂಟ ಹಾಕಿಕೊಂಡು ದೂರ ನಿಂತಿದ್ದ. ಎಳ್ಳಮಾಸಿ ದಿನ ಮೈದುನ ಉಪಾಸ ಹೋಗಬಾರದು ಅಂತ ಆಕೀನ ಕರದು ಕಡಬಿನ ಮ್ಯಾಲೆ ಕಡಬು ನೀಡಿದ್ಲು. ಉಂಡ.

ಉಂಡ ಮನಿ ಜಂತಿ ಎಣಸಬಾರದು ಅಂತಾರ. ಅನ್ನಾ ಉಂಡ ಹೊಲಕ್ಕ ಮತ್ತ ಬೇಲಿ ಹಾಕಾಕ ಅವಗ ಮನಸ್ಸಾಗಲಿಲ್ಲ, ಊರ ಮಂದಿ ಏನಂದಾರು ಅಂತ ಅಂಜಿಕಿನೂ ಇತ್ತು. ಬೇಲಿ ಹಾಕಲಿಲ್ಲ. ವೋಟೂ ಹಾಕಲಿಲ್ಲ, ಹಾಕಿಸಲೂ ಇಲ್ಲ. ಅಮೋಘಸಿದ್ದ ಚೊಕ್ಕಟ ಸೋತ.

ಎಣಿಕಿ ಮುಗದ ದಿನ ಸಂಜಿಮುಂದ ಸಿದ್ದಲಿಂಗವ್ವ ಹೊಲದಾಗ ಬಂಡಿಗೆ ಕಡ್ಲಿಗಿಡ ಹೇರಸಾಕ ಹತ್ತಿದ್ಲು. ಜೀಪಿಲ್ಲ, ಮಂದಿಯಿಲ್ಲ, ಅದ ದಾರಿ ಹಿಡದು ಅಮೋಘಸಿದ್ದ ಒಬ್ಬನ ನಡಕೊಂತ ಬಂದ. ಅವನ್ನ ನೋಡಿದ ಕೂಡಲೇ ಆಕಿಗೆ ಅಳು ತಡೀಲಿಲ್ಲ. ಊಟದ ನೆವದಾಗ ನಿನ್ನ ಮುಳ್ಳಿಗೆ ನೂಕಿದೆನಲ್ಲೋ ತಮ್ಮಾ, ನನ್ನ ದಾರಿ ಸಲುವಾಗಿ ನೀ ಸೋತಿ ಅಂದ್ಲು.

ಅವ ಗಿಡದಾಗಿನ ಒಂದ ಹಸಿ ಕಡ್ಲಿ ಸುಲದು ಬಾಯಾಗ ಹಾಕ್ಕೊಂಡ. "ಯವ್ವಾ, ಅಷ್ಟ ವರ್ಷ ಕರಿ ಕೋಟ ಹಾಕ್ಕೊಂಡು ಒಂದ ಕೇಸು ಗೆದ್ದಿದ್ದಿಲ್ಲ. ಇದೊಂದ ಗೆದ್ದೆ. ನಾಳಿಂದ ಮತ್ತ ಕೋರ್ಟಿಗೆ ಹೊಂಟೀನಿ."

ಸಿದ್ದಲಿಂಗವ್ವ ಕಣ್ಣ ಒರಸಿಕೊಂಡ್ಲು. ಅವನ ರೆಟ್ಟಿ ಹಿಡದು ಬಂಡಿ ಹತ್ತಿಸಿ, ಕಡ್ಲಿ ರಾಶಿ ಮ್ಯಾಲೆ ಎಲ್ಲಾರಿಗೂ ಕಾಣೋ ಹಂಗ ಕುಂಡ್ರಿಸಿದ್ಲು. ತಾನು ಎತ್ತಿನ ಹಗ್ಗ ಹಿಡದು ಮುಂದ ನಡದ್ಲು. ಬದುವಿನ ಮ್ಯಾಲೆ ನಿಂತಿದ್ದ ಪ್ರಭುಲಿಂಗಪ್ಪ ದಾರಿಗೆ ಅಡ್ಡ ನಿಂತಿದ್ದ ತನ್ನ ಆಕಳನ್ನ ಆ ಕಡಿ ಹೊಡದ. ಬಂಡಿ ಊರ ಕಡಿ ಹೊಂಟಿತು.